‘ಎರಡೂ ಇರಲಿ’ ಎಂಬ ಗುಂಡಿ

ಹರಿಹರದ ಹರಿಹರೇಶ್ವರ ಗುಡಿಯ ಮೂರ್ತಿ ಅರ್ಧ ಹರ, ಅರ್ಧ ಹರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ನಮ್ಮ ದಾವಣಗೆರೆ, ಹರಿಹರದ ಎಂಜಿನಿಯರಿಂಗ್ ಹುಡುಗರು, ಹಲವರ ಕೋಡ್ ತಿದ್ದುಪಡಿಗಳನ್ನು ಕೂಡಿಸುವ ಗಿಟ್‌ನಲ್ಲಿ ಕಾನ್‌ಫ್ಲಿಕ್ಟ್ ಬಂದಾಗಲೂ ಇದೇ ಶಿಲ್ಪಶಾಸ್ತ್ರ ಹಿಡಿಯುತ್ತಾರೆ: ನಿಂದೂ ಇರಲಿ, ನಂದೂ ಇರಲಿ. ಮೂರ್ತಿಗೆ ಒಪ್ಪಿದ್ದು ಕೋಡ್‌ಗೆ ಒಪ್ಪುವುದಿಲ್ಲ.

ಬೆಣ್ಣೆದೋಸೆ ಹೋಟೆಲಿನ ಬಿಲ್ಲಿಂಗ್ ಫೈಲ್ ಎಂದಿಟ್ಟುಕೊಳ್ಳಿ. ಮೊದಲು ‘ಬೆಲೆ = 60’ ಎಂದಿತ್ತು. ಒಬ್ಬಳು ಅದನ್ನು 70 ಮಾಡಿದಳು. ಅದೇ ಹೊತ್ತಿಗೆ ಇನ್ನೊಬ್ಬ ಅದೇ ಸಾಲನ್ನು ‘60 + ಪಾರ್ಸೆಲ್’ ಮಾಡಿದ. ಎರಡನ್ನೂ ಕೂಡಿಸಲು, ಅಂದರೆ ಮರ್ಜ್ ಮಾಡಲು, ಹೊರಟರೆ ಗಿಟ್ ಕೈಚೆಲ್ಲಿ, ಏಳು ‘<’, ಏಳು ‘=’, ಏಳು ‘>’ ಗುರುತುಗಳ ನಡುವೆ ಎರಡೂ ಸಾಲು ಇಟ್ಟು ಕೂರುತ್ತದೆ. ಎಡಿಟರ್‌ನಲ್ಲಿ ‘ಎರಡೂ ಇರಲಿ’ ಎಂಬ ಗುಂಡಿ ಒತ್ತಿದಿರೋ, ಓಡುವಾಗ ಕೆಳಗಿನ ಸಾಲೇ ಗೆಲ್ಲುತ್ತದೆ. ಅದು ಪಾರ್ಸೆಲ್‌ನವನದಾದರೆ ಏರಿಸಿದ ಹತ್ತು ರೂಪಾಯಿ ಸದ್ದಿಲ್ಲದೆ ಮಾಯ. ಬೇಕಿದ್ದದ್ದು ‘70 + ಪಾರ್ಸೆಲ್’. ಇಬ್ಬರಲ್ಲಿ ಯಾರೂ ಬರೆಯದ ಸಾಲು!

ಅದು ಹೊಳೆಯಬೇಕಾದರೆ ಹಳೆಯ 60 ಕಣ್ಣಿಗೆ ಬೀಳಬೇಕು. ಗಿಟ್ ತಾನಾಗಿ ಅದನ್ನು ತೋರಿಸದು. ಸೆಟ್ಟಿಂಗ್‌ನಲ್ಲಿ ಕಾನ್‌ಫ್ಲಿಕ್ಟ್ ಸ್ಟೈಲನ್ನು ‘ಡಿಫ್3’ ಮಾಡಿಕೊಂಡರೆ, ಏಳು ‘|’ ಗುರುತಿನ ಕೆಳಗೆ ಇಬ್ಬರೂ ತಿದ್ದುವ ಮುಂಚಿನ ಸಾಲು ಬರುತ್ತದೆ. ಆಗ ಯಾರು ಏನು ಬದಲಿಸಿದರು ಎಂಬುದು ತಿಳಿಯಾಗುತ್ತದೆ. 2022ರ 2.35ನೇ ಆವೃತ್ತಿಯಲ್ಲಿ ಬಂದ ‘ಝೆಡ್‌ಡಿಫ್3’ ಇನ್ನೂ ಚೊಕ್ಕ: ಇಬ್ಬರಲ್ಲೂ ಒಂದೇ ಇರುವ ಅಂಚಿನ ಸಾಲುಗಳನ್ನು ಆಚೆ ಹಾಕಿ ಜಗಳದ ಜಾಗವನ್ನು ಕಿರಿದು ಮಾಡುತ್ತದೆ. ನನ್ನ ಓಟು ಅದಕ್ಕೇ.

ಗಿಟ್‌ಗಿಂತ ಹಿಂದಿನ ಇಂಥದೇ ಸಾಧನವಾದ, 1982ರ ಆರ್‌ಸಿಎಸ್ ಕಾಲದಲ್ಲಿ ಈ ತಕರಾರು ಅಪರೂಪ. ಒಬ್ಬ ಫೈಲಿಗೆ ಬೀಗ ಹಾಕಿ ಊಟಕ್ಕೆ ಹೋದರೆ ಉಳಿದವರು ಕಾಯಬೇಕಿತ್ತು, ಅಷ್ಟೇ.

ಕನ್ನಡ ಅನುವಾದದ ಫೈಲುಗಳಲ್ಲಿ ಇನ್ನೊಂದು ಕೀಟಲೆ ಉಂಟು. ‘ದೋಸೆ’ಯಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಿಟ್ ನೋಡುವುದು ಬೈಟ್‌ಗಳನ್ನು. ಎರಡು ಕಡೆಯ ಸಾಲೂ ಒಂದೇ ಥರ ಕಂಡು ತಲೆ ಕೆರೆದುಕೊಳ್ಳುವಂತಾದರೆ ಮೊದಲ ಅನುಮಾನ ಇಲ್ಲಿರಲಿ. ತಂಡದವರೆಲ್ಲ ಎನ್‌ಎಫ್‌ಸಿ (ಒಂದೇ ಸಂಕೇತದ) ರೂಪಕ್ಕೆ ಒಪ್ಪಿಕೊಂಡರೆ ಈ ಕಾಟ ತಪ್ಪುತ್ತದೆ.

ಕಾನ್‌ಫ್ಲಿಕ್ಟ್ ಬಾರದ ಮರ್ಜ್ ಇನ್ನೂ ಅಪಾಯದ್ದು. ಒಬ್ಬ ಫಂಕ್ಷನ್ನಿನ ಹೆಸರು ಬದಲಿಸಿರುತ್ತಾನೆ, ಇನ್ನೊಬ್ಬಳು ಬೇರೆ ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದಿರುತ್ತಾಳೆ. ಗಿಟ್ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಮರ್ಜ್ ಆದ ಕೂಡಲೇ ಟೆಸ್ಟ್ ಓಡಿಸಿ. ಕಾನ್‌ಫ್ಲಿಕ್ಟ್ ಬಂದಿದ್ದರೆ, ಗುಂಡಿ ಒತ್ತುವ ಮುಂಚೆ ಆ ಸಾಲು ಬರೆದವರಿಗೆ ಒಂದು ಫೋನ್ ಮಾಡಿ.