ಪ್ರೆಸ್ಟನ್ ಸ್ಟರ್ಜಸ್: ಮಾತು ಮತ್ತು ಮೌನ

ಹಾಸ್ಯಕೃತಿಯನ್ನು ವಿನೋದಕ್ಕೆಂದು ಮೆಚ್ಚಿ, ಗಂಭೀರ ವಿಮರ್ಶೆಗೆ ಅನರ್ಹವೆಂದು ಬದಿಗಿಡುವ ರೂಢಿಯುಂಟು. ಈ ರೂಢಿಯನ್ನೇ ತನ್ನ ಕೃತಿಯೊಂದರ ವಸ್ತುವನ್ನಾಗಿ ಮಾಡಿಕೊಂಡವನು ಅಮೆರಿಕದ ನಾಟಕಕಾರ, ಚಲನಚಿತ್ರ ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ (೧೮೯೮–೧೯೫೯). ತನ್ನ ಮಾತನ್ನು ಕಾಪಾಡಿಕೊಳ್ಳಲೆಂದು ನಿರ್ದೇಶನಕ್ಕಿಳಿದ ಈತನು, ಮಾತು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ದೇಶನದಲ್ಲಿಯೇ ಕಂಡುಕೊಂಡನೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಷಿಕಾಗೋದಲ್ಲಿ ಹುಟ್ಟಿ, ಬಾಲ್ಯದ ಬಹುಭಾಗವನ್ನು ಯೂರೋಪಿನಲ್ಲಿ ಕಳೆದ ಸ್ಟರ್ಜಸ್ ಮೊದಲು ಕೀರ್ತಿ ಪಡೆದುದು ರಂಗಭೂಮಿಯಲ್ಲಿ. ೧೯೨೯ರಲ್ಲಿ ಬ್ರಾಡ್‌ವೇ ಏರಿದ ‘ಸ್ಟ್ರಿಕ್ಟ್‌ಲಿ ಡಿಸಾನರಬಲ್’ ನಾಟಕ ೫೫೭ ಪ್ರಯೋಗಗಳನ್ನು ಕಂಡಿತು. ಅನಂತರದ ನಾಟಕಗಳಿಗೆ ಆ ಭಾಗ್ಯ ಒದಗಲಿಲ್ಲ. ಆತ ಹೋಗಿ ಸೇರಿದ ಹಾಲಿವುಡ್ಡಿನಲ್ಲಿ ಒಬ್ಬನು ಬರೆದುದನ್ನು ಮತ್ತೊಬ್ಬನು ತಿದ್ದುವುದು, ಮೂರನೆಯವನು ನಿರ್ದೇಶಿಸುವುದು ವಾಡಿಕೆಯಾಗಿದ್ದಿತು. ೧೯೩೩ರ ‘ದಿ ಪವರ್ ಅಂಡ್ ದಿ ಗ್ಲೋರಿ’ಯನ್ನು ಆತ ಒಬ್ಬನೇ ಬರೆದನು, ನಿರ್ದೇಶಿಸಿದವನು ಬೇರೊಬ್ಬ. ಕಡೆಗೆ, ತಾನೇ ನಿರ್ದೇಶಿಸಬೇಕೆಂಬ ಕರಾರಿನ ಮೇಲೆ, ‘ದಿ ಗ್ರೇಟ್ ಮೆಕ್‌ಗಿಂಟಿ’ಯನ್ನು ಪ್ಯಾರಮೌಂಟ್ ಸಂಸ್ಥೆಗೆ ಕೇವಲ ೧೦ ಡಾಲರಿಗೆ ಕೊಟ್ಟನು. ೧೯೪೦ರ ಆ ಚಿತ್ರಕ್ಕೆ, ಮೂಲ ಚಿತ್ರಕಥೆಗೆಂದು ಮೊದಲ ಬಾರಿ ಏರ್ಪಟ್ಟ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಅದರ ನಾಯಕನೊಬ್ಬ ಅಲೆಮಾರಿ. ಮತವೊಂದಕ್ಕೆ ೨ ಡಾಲರಿನಂತೆ ೩೭ ಕಳ್ಳಮತಗಳನ್ನು ಹಾಕಿ, ರಾಜಕೀಯದ ಯಜಮಾನನ ಕಣ್ಣಿಗೆ ಬಿದ್ದು, ಮೇಯರೂ ಗವರ್ನರೂ ಆಗುತ್ತಾನೆ. ಅವನನ್ನು ಕೆಡವಿದುದು ವಂಚನೆಯಲ್ಲ, ಪ್ರಾಮಾಣಿಕನಾಗಲು ಮಾಡಿದ ಒಂದೇ ಪ್ರಯತ್ನ. ಇಲ್ಲಿ ವಿಪರ್ಯಾಸವು ನುಡಿಯ ಚಮತ್ಕಾರವಾಗಿ ನಿಲ್ಲದೆ ಕಥೆಯ ಬೆನ್ನೆಲುಬಾಗಿದೆ.

ಮುಂದಿನ ವರ್ಷ ನಿರ್ಮಿತವಾದ ‘ಸಲಿವನ್ಸ್ ಟ್ರಾವೆಲ್ಸ್’ ಇನ್ನೂ ಆಳವಾದುದು. ಹಾಸ್ಯಚಿತ್ರಗಳ ನಿರ್ದೇಶಕನಾದ ಸಲಿವನ್, ಬಡತನವನ್ನು ಕುರಿತು ಗಂಭೀರ ಚಿತ್ರ ತೆಗೆಯಲೆಂದು ಅಲೆಮಾರಿಯ ವೇಷ ತೊಡುತ್ತಾನೆ. ಬಡತನವೇನೆಂಬುದು ಬಡವರಿಗೆ ಗೊತ್ತು, ಅದರಲ್ಲಿ ಸೊಬಗು ಕಾಣುವವರು ಸಿರಿವಂತರೇ ಎಂದು ಅವನ ಸೇವಕನೇ ಎಚ್ಚರಿಸುತ್ತಾನೆ. ಕೊನೆಗೆ ನಿಜವಾಗಿಯೂ ಕೈದಿಯಾಗಿ, ಕರಿಯರ ಪುಟ್ಟ ಚರ್ಚೊಂದರಲ್ಲಿ ಇತರ ಕೈದಿಗಳೊಡನೆ ಡಿಸ್ನಿಯ ವ್ಯಂಗ್ಯಚಿತ್ರವನ್ನು ನೋಡಿ ನಗುವಾಗ ಅವನಿಗೆ ಹಾಸ್ಯದ ಬೆಲೆ ತಿಳಿಯುತ್ತದೆ.

ಈ ಸಮಾಧಾನವನ್ನು ನಾವು ಪೂರ್ಣವಾಗಿ ಒಪ್ಪಬೇಕೆ? ಸಲಿವನ್ ಬಿಡುಗಡೆಯಾದುದು ತಾನು ಯಾರೆಂಬುದನ್ನು ಲೋಕಕ್ಕೆ ತಿಳಿಸಬಲ್ಲವನಾದುದರಿಂದ. ಅವನೊಡನೆ ನಕ್ಕವರ ಸಂಕೋಲೆ ಕಳಚಲಿಲ್ಲ. ನಗೆಯೇ ಅವರ ಪಾಲಿನ ಸರ್ವಸ್ವವೆಂಬ ಕೊನೆಯ ತೀರ್ಮಾನ, ಹೊರಗೆ ಬಂದವನ ತೀರ್ಮಾನ.

ಆದರೆ ಇದಕ್ಕೆ ಉತ್ತರವು ಚಿತ್ರದೊಳಗೇ ಇದೆ. ನಡುಭಾಗದಲ್ಲಿ, ನಿರ್ಗತಿಕರ ಬೀಡುಗಳಲ್ಲಿ ಸಲಿವನ್ ತಿರುಗಾಡುವ ದೀರ್ಘ ಸನ್ನಿವೇಶದಲ್ಲಿ, ಒಂದು ಮಾತೂ ಇಲ್ಲ, ಸಂಗೀತವಿದೆ, ಮುಖಗಳಿವೆ. ಮಾತಿನ ಮಲ್ಲನಾದ ಸ್ಟರ್ಜಸ್ ಇಲ್ಲಿ ಬಾಯಿ ಮುಚ್ಚಿಕೊಂಡಿದ್ದಾನೆ. ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಆ ಎರಡರ ನಡುವೆ ಮೌನವನ್ನಿಟ್ಟು ಆತ ವಿರೋಧವನ್ನು ಪರಿಹರಿಸಿದ್ದಾನೆ. ಕೊನೆಯ ಮಾತು ಮರೆಯಿಸಲೆತ್ನಿಸುವುದನ್ನು ಈ ಮೌನ ಮರೆಯಗೊಡುವುದಿಲ್ಲ.

೧೯೪೦ರಿಂದ ೧೯೪೪ರವರೆಗೆ ತೆರೆಕಂಡ ೮ ಪ್ಯಾರಮೌಂಟ್ ಚಿತ್ರಗಳಲ್ಲಿಯೇ ಸ್ಟರ್ಜಸನ ಸತ್ತ್ವವೆಲ್ಲ ಬಹುಮಟ್ಟಿಗೆ ಅಡಗಿದೆ. ಸಂಸ್ಥೆಯನ್ನು ಬಿಟ್ಟು ಹವರ್ಡ್ ಹ್ಯೂಸ್‌ನೊಡನೆ ಕಟ್ಟಿದ ಪಾಲುದಾರಿಕೆ ಮುರಿದುಬಿದ್ದಿತು. ಕಡೆಯ ಚಿತ್ರವನ್ನು ೧೯೫೫ರಲ್ಲಿ ಫ್ರಾನ್ಸಿನಲ್ಲಿ ತೆಗೆದನು. ಈ ಅವನತಿಯಿಂದ ಆತನ ಸಾಧನೆ ಕಿರಿದಾಗುವುದಿಲ್ಲ. ನಗಿಸುವ ಕಲೆಯ ಹಿರಿಮೆಯನ್ನು ಎತ್ತಿಹಿಡಿದ ಕೃತಿಯಲ್ಲಿಯೇ ಅದರ ಎಲ್ಲೆಯನ್ನೂ ಕಾಣಗೊಟ್ಟುದು ಸಾಮಾನ್ಯ ವಿನೋದಕಾರನ ಕೆಲಸವಲ್ಲ.