ಬೀಗ ಬಿದ್ದ ಮೇಲಿನ ಉಬ್ಬಸ

ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿಯನ್ನು ನಾವು ಓದುತ್ತ ಬಂದ ಕ್ರಮದ ಬಗ್ಗೆ ನನಗೊಂದು ತಕರಾರಿದೆ. ‘ಸಂಸ್ಕಾರ’ ಸಿನಿಮಾದ ಚಂದ್ರಿ ಮತ್ತು ತುರ್ತುಪರಿಸ್ಥಿತಿಯ ಹುತಾತ್ಮೆ, ಈ ಎರಡು ಚಿತ್ರಗಳ ನಡುವೆ ಒಬ್ಬ ರೋಗಿ ಕಾಣೆಯಾಗಿದ್ದಾರೆ.

ಸಂಗತಿಗಳು ಗೊತ್ತಿರುವಂಥವೇ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ ತಿಂಗಳಲ್ಲಿ ಬಂಧನವಾಯಿತು. ಅಂತಿಮ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ ಇರಬೇಕಾಯಿತು. ಮೊದಲಿನಿಂದಲೂ ಆಸ್ತಮಾ ಇತ್ತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು 20ರಂದು ತೀರಿಕೊಂಡರು. ದಿನಚರಿ ಅದೇ ವರ್ಷ ಇಂಗ್ಲಿಷಿನಲ್ಲಿ ಪುಸ್ತಕವಾಯಿತು.

ಉಬ್ಬಸ ಸಾಮಾನ್ಯವಾಗಿ ರಾತ್ರಿ, ನಸುಕಿನಲ್ಲಿ ಕೆರಳುವ ಕಾಯಿಲೆ. ಹಗಲಲ್ಲಿ ಚೆನ್ನಾಗಿ ಕಂಡವರು ರಾತ್ರಿಯೆಲ್ಲ ಕೂತೇ ಕಳೆಯಬೇಕಾಗುತ್ತದೆ. ಜೈಲಿನಲ್ಲಿ ಸಂಜೆಗೇ ಬೀಗ ಬೀಳುತ್ತದೆ. ಆಮೇಲೆ ಡಾಕ್ಟರು ನಂಬುವ ಮೊದಲು ಬೀಗದ ಕೈ ಇರುವವರು ನಂಬಬೇಕು. ನಮ್ಮ ಜೈಲುಗಳಿಗೆ ಅಚ್ಚು ಕೊಟ್ಟ 1894ರ ಕಾರಾಗೃಹ ಕಾಯ್ದೆಯ 37ನೇ ಕಲಂ ಹೇಳುವುದೂ ಇದನ್ನೇ: ಕಾಯಿಲೆ ಬಿದ್ದವರ ಹೆಸರನ್ನು ಕಾವಲಿನವರು ತಡಮಾಡದೆ ಜೈಲರ್‌ಗೆ ತಿಳಿಸಬೇಕು. ತಿಳಿಸದಿದ್ದರೆ ಕಾಯಿಲೆಯೇ ಇಲ್ಲ. ವೈದ್ಯಕೀಯ ತೀರ್ಮಾನವನ್ನು ವೈದ್ಯರೇ ಮಾಡಬೇಕು, ಜೈಲು ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ ಎಂದು ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು 2015ರಲ್ಲಿ ಹೇಳಿದವು. ಆದರೆ ವೈದ್ಯರವರೆಗೆ ತಲುಪುವುದು ಹೇಗೆ?

ದಿನಚರಿಯ ನಿಜವಾದ ಬಲ ಇರುವುದು ಅದು ತನ್ನ ನೋವಿನಲ್ಲೇ ಮುಳುಗದಿರುವುದರಲ್ಲಿ. ಒಳಗೆ ಬರುವ ಹೆಂಗಸರನ್ನು ಎಲ್ಲರೆದುರು ಬೆತ್ತಲಾಗಿಸಿ ತಪಾಸಣೆ ಮಾಡುವುದನ್ನು ಸ್ನೇಹಲತಾ ಬರೆದಿದ್ದಾರೆ. ಅವರ ಊಟ ಸುಧಾರಿಸಲು ಜಗಳವಾಡಿದ್ದಾರೆ. ಮಿತಿಯೂ ಅಲ್ಲೇ ಇದೆ. ಆ ಹೆಂಗಸರು ನಮಗೆ ಕಾಣುವುದು ಇಂಗ್ಲಿಷ್ ಬಲ್ಲ, ಹೊರಗೆ ಗೆಳೆಯರಿದ್ದ ಒಬ್ಬ ಕಲಾವಿದೆಯ ಕಣ್ಣಿನಿಂದ ಮಾತ್ರ. ಅವರ ಕೆಮ್ಮಿಗೆ, ಬಾಣಂತನಕ್ಕೆ ದಿನಚರಿಯಿಲ್ಲ.

ಇದನ್ನು ತುರ್ತುಪರಿಸ್ಥಿತಿಯ ಪುಸ್ತಕವೆಂದಷ್ಟೇ ಓದಿದರೆ, ಮಾಮೂಲಿ ದಿನಗಳ ಜೈಲು ತಪ್ಪಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರ್‌ನಲ್ಲಿ ಬಂಧಿತರಾದಾಗ ತುರ್ತುಪರಿಸ್ಥಿತಿ ಘೋಷಣೆಯಾಗಿರಲಿಲ್ಲ. 83 ವರ್ಷ, ಪಾರ್ಕಿನ್ಸನ್ ಕಾಯಿಲೆ, ಲೋಟ ಹಿಡಿಯಲಾಗದ ಕೈ. ಒಂದು ಸ್ಟ್ರಾ, ಒಂದು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕಾಲಾವಕಾಶ ಕೇಳಿತು. ಜಾಮೀನಿಗೆ ಕಾಯುತ್ತಲೇ 2021ರ ಜುಲೈ 5ರಂದು ಅವರು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಬ್ಬರೂ ಹೆಸರಿದ್ದವರು, ಇಬ್ಬರ ಮೇಲಿನ ಆರೋಪವೂ ಸಾಬೀತಾಗಿರಲಿಲ್ಲ. ಹೆಸರಿಲ್ಲದವರ, ಅಪರಾಧ ಸಾಬೀತಾದವರ ಉಸಿರಿಗೂ ನಾವು ಇಷ್ಟೇ ಕಳವಳಪಡುತ್ತೇವೆಯೇ? ಸ್ನೇಹಲತಾ ಅವರ ದಿನಚರಿಯನ್ನು ಈಗ ಮತ್ತೆ ತೆರೆಯುವವರು ಆ ಪ್ರಶ್ನೆ ಇಟ್ಟುಕೊಂಡೇ ಓದಬೇಕು. ಜೊತೆ ಕೈದಿಗಳ ಅಪರಾಧ ಏನೆಂದು ತೂಗಿ ನೋಡಿ ಅವರು ಊಟಕ್ಕಾಗಿ ಜಗಳವಾಡಿರಲಿಲ್ಲ.