ಆರಂಭವ್ಯೂಹಗಳ ಗುಣಾವಗುಣ

ಚದುರಂಗವನ್ನು ಪ್ರೀತಿಸುವ ಇಬ್ಬರು ಒಂದೆಡೆ ಸೇರಿದರೆ, ಮಣೆಯ ಮೇಲೆ ಕಾಯಿಗಳನ್ನು ಹೂಡುವ ಮುನ್ನವೇ, ರಾಜನ ಮುಂದಣ ಕಾಲಾಳನ್ನು ನಡೆಸುವುದು ಮೇಲೋ ಮಂತ್ರಿಯ ಮುಂದಣ ಕಾಲಾಳನ್ನು ನಡೆಸುವುದು ಮೇಲೋ ಎಂಬ ವಾದ ತಲೆಯೆತ್ತುವುದು ಸಹಜ. ಮತ್ತು ಆ ವಾದ ಬಹುಮಟ್ಟಿಗೆ, ತನ್ನ ಮೆಚ್ಚಿನ ವ್ಯೂಹದಿಂದ ತಾನು ಯಾರನ್ನು ಎಷ್ಟು ಬೇಗ ಸೋಲಿಸಿದೆನೆಂಬ ಕಥನದಲ್ಲಿಯೇ ಮುಗಿದುಹೋಗುವುದೂ ಅಷ್ಟೇ ಸಹಜ. ಗೆಲವಿನ ಕಥೆಗಳನ್ನು ಬದಿಗಿಟ್ಟು ನೋಡುವವನಿಗೆ ಬೇರೊಂದು ಅಳತೆಗೋಲು ಬೇಕಾಗುತ್ತದೆ. ಹತ್ತು ಹನ್ನೆರಡು ನಡೆಗಳಾದ ಮೇಲೆ, ಕಂಠಪಾಠ ಮಾಡಿದುದು ಮುಗಿದು ಸ್ವಂತ ಬುದ್ಧಿ ಕೆಲಸಕ್ಕೆ ತೊಡಗಬೇಕಾದ ಕ್ಷಣದಲ್ಲಿ, ಆ ವ್ಯೂಹವು ಆಟಗಾರನನ್ನು ಎಂತಹ ನೆಲದ ಮೇಲೆ ನಿಲ್ಲಿಸಿದೆ, ಆ ನೆಲದ ಉಬ್ಬುತಗ್ಗುಗಳ ಅರ್ಥ ಅವನಿಗೆ ತಿಳಿದಿದೆಯೇ ಎಂಬ ಎರಡು ಪ್ರಶ್ನೆಗಳಿಂದಲೇ ಅದರ ಯೋಗ್ಯತೆಯನ್ನು ನಿರ್ಣಯಿಸಬೇಕೆಂದು ನಾನು ನಂಬಿದ್ದೇನೆ.

ಈ ಅಳತೆಗೋಲಿನಿಂದ ಅಳೆದಾಗ, ಕಲಿಯುವವನಿಗೆ ಇಟಾಲಿಯನ್ ಆರಂಭಕ್ಕಿಂತ ಉತ್ತಮವಾದ ಗುರು ಇನ್ನೊಂದಿಲ್ಲ. ಇಬ್ಬರ ರಾಜರ ಮುಂದಣ ಕಾಲಾಳುಗಳೂ ಎರಡೆರಡು ಮನೆ ನಡೆದು ಎದುರುಬದುರಾಗಿ ನಿಂತಮೇಲೆ, ಬಿಳಿಯ ಕುದುರೆ ಹೊರಬಂದು ಎದುರಾಳಿಯ ಕಾಲಾಳನ್ನು ಬೆದರಿಸುತ್ತದೆ. ಕರಿಯ ಕುದುರೆ ಅದನ್ನು ಕಾಯುತ್ತದೆ. ಅನಂತರ ಬಿಳಿಯ ಒಂಟೆ ಓರೆಯಾಗಿ ಹೊರಟು, ರಾಜನೊಬ್ಬನ ಹೊರತು ಇನ್ನಾರ ಕಾವಲೂ ಇಲ್ಲದ ಒಂದೇ ಒಂದು ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಪ್ರತಿಯೊಂದು ನಡೆಗೂ ಕಾರಣವಿದೆ, ಆ ಕಾರಣ ಮಣೆಯ ಮೇಲೆಯೇ ಕಾಣುತ್ತದೆ, ಮಗುವೊಂದು ಕೂಡ ಅದನ್ನು ಬೆರಳಿಟ್ಟು ತೋರಿಸಬಲ್ಲುದು. ಇದರಿಂದಲೇ ಹುಟ್ಟಿದ ಇವಾನ್ಸ್ ಗ್ಯಾಂಬಿಟ್ಟಿನಲ್ಲಿ ಬಿಳಿಯ ಆಟಗಾರನು ಪಕ್ಕದ ಕಾಲಾಳೊಂದನ್ನು ಬೇಕೆಂದೇ ಬಲಿಗೊಟ್ಟು, ಅದನ್ನು ಹೊಡೆಯಲು ಬಂದ ಒಂಟೆಯನ್ನು ಅಟ್ಟುವ ನೆವದಲ್ಲಿ ಒಂದು ನಡೆಯ ಕಾಲವನ್ನು ಗಳಿಸುತ್ತಾನೆ. ಕಾಲಕ್ಕೂ ಕಾಯಿಗೂ ವಿನಿಮಯವುಂಟೆಂಬ ಮಹತ್ತ್ವದ ಪಾಠವನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ವ್ಯೂಹ ಮತ್ತೊಂದನ್ನು ನಾನರಿಯೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೆರೆದು ಮೂಲೆಗುಂಪಾಗಿದ್ದ ಈ ಗ್ಯಾಂಬಿಟ್ಟನ್ನು 1995ರಲ್ಲಿ, ರಿಗಾ ನಗರದಲ್ಲಿ, ಕಾಸ್ಪರೋವನು ನಮ್ಮ ವಿಶ್ವನಾಥನ್ ಆನಂದರ ಎದುರಿಗೇ ಹೊರತೆಗೆದು ಇಪ್ಪತ್ತೈದು ನಡೆಗಳಲ್ಲಿ ಗೆದ್ದನು. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರ ತನ್ನ ಗ್ರಂಥದಲ್ಲಿ ವಿವೇಚಿಸಿದ ಸ್ಪ್ಯಾನಿಷ್ ಆರಂಭವು ಇದಕ್ಕಿಂತ ಗಂಭೀರವಾದುದು, ಆಳವಾದುದು. ಆದರೆ ಅದರ ಒತ್ತಡ ನಿಧಾನವಾಗಿ ಫಲಿಸುವಂತಹುದಾದುದರಿಂದ, ಕಾಯುವ ತಾಳ್ಮೆ ಬಂದವನಿಗಲ್ಲದೆ ಅದರ ಸೊಗಸು ದಕ್ಕಲಾರದು.

ಮಾಗಡಿ ತಾಲ್ಲೂಕಿನ ಕೆಂಪಾಪುರದ ಜಗಲಿಯೊಂದರಲ್ಲಿ ನಾನು ನೋಡಿದ ಒಂದು ಆಟ ಈ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ. ಕಾಯಿಗಳು ಚನ್ನಪಟ್ಟಣದವು: ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನೊತ್ತಿ ಬಣ್ಣವೇರಿಸಿದಂತಹವು. ಚರಕಿಯಲ್ಲಿ ದುಂಡಗಿನವೆಲ್ಲ ಸುಲಭವಾಗಿ ಮೂಡುತ್ತವೆ, ಕುದುರೆಯ ತಲೆ ಮಾತ್ರ ಮೂಡದು. ಅದನ್ನು ಕೈಯಿಂದಲೇ ಕೆತ್ತಬೇಕು. ಆಡುತ್ತಿದ್ದವರು ತಾತ ಮತ್ತು ಮೊಮ್ಮಗ. ಬೇಸಗೆಯ ತರಬೇತಿಯಿಂದ ಬಂದಿದ್ದ ಹುಡುಗ ಬಿಳಿಯ ಕಾಯಿಗಳಿಂದ ಲಂಡನ್ ವ್ಯೂಹವನ್ನು ಹೂಡಿದ. ಮಂತ್ರಿಯ ಮುಂದಣ ಕಾಲಾಳು ಎರಡು ಮನೆ, ಅದರ ಹಿಂದೆಯೇ ಒಂಟೆ ಹೊರಗೆ, ಬಳಿಕ ಅಕ್ಕಪಕ್ಕದ ಕಾಲಾಳುಗಳು ಒಂದೊಂದು ಮನೆ, ಕುದುರೆಗಳು ತಮ್ಮ ನಿಯತ ಸ್ಥಾನಗಳಿಗೆ. ಅವನ ಕೈ ನಿಲ್ಲದೆ ಸಾಗುತ್ತಿತ್ತು. ಹಳೆಯ ನಾಡಾಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯತಕ್ಕದ್ದು. ಕೋಟೆ ಕಟ್ಟುವ ನಿಯಮವಿಲ್ಲದೆ, ರಾಜನೇ ಒಂದು ಬಾರಿ ಕುದುರೆಯಂತೆ ನೆಗೆದು ಮರೆಯಾಗಬಹುದಷ್ಟೆ. ಆ ಪಾಠದಲ್ಲಿ ಬೆಳೆದ ತಾತನಿಗೆ ಹೊಸ ನಿಯಮ ತಿಳಿದಿದ್ದರೂ, ಕೈಯ ಅಭ್ಯಾಸ ಮಾತ್ರ ಹಳೆಯದು. ಒಂದೊಂದೇ ಮನೆ ಕಾಲಾಳುಗಳನ್ನು ನೂಕಿ, ಒಂಟೆಯನ್ನು ಮೂಲೆಯ ಓಣಿಯಲ್ಲಿಟ್ಟು, ಕುದುರೆಯನ್ನೂ ಮಂತ್ರಿಯನ್ನೂ ನಡುಮನೆಯ ಬೆಂಬಲಕ್ಕೆ ನಿಲ್ಲಿಸಿ ಅವರು ಸಾವಕಾಶವಾಗಿ ಸಿದ್ಧರಾಗುತ್ತಿದ್ದರು.

“ಯಾಕ್ಲಾ ಮಗ, ನಾನೇನ್ ಆಡ್ತಾ ಇವ್ನಿ ಅಂತ ಒಂದ್ಸಲನಾದ್ರೂ ನೋಡ್ದಾ?” ಎಂದರು ತಾತ.

“ನೋಡ್ಬೇಕಾಗಿಲ್ಲ ತಾತ, ನೀನು ಏನ್ ಆಡುದ್ರೂ ಇದೇ ಆಡ್ಬೋದು ಅಂತ ಹೇಳ್ಕೊಟ್ಟವ್ರೆ.”

ರಾಜನ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿ ಒಂದೇ ಏಟಿಗೆ ಬಿಳಿಯ ಒಂಟೆಯನ್ನು ಬೆದರಿಸಬಹುದಾಗಿದ್ದ ತಾತ, ಒಂದು ಮನೆ ನೂಕಿ ಸುಮ್ಮನಾದರು. ಮುಂದಿನ ಸರದಿಯಲ್ಲಿ ಇನ್ನೊಂದು ಮನೆ. ಒಂಟೆ ಇನ್ನೂ ಅಲ್ಲಿಯೇ ಇತ್ತು. ಅದು ಹಿಂದೆ ಸರಿಯಿತು. ಕಾಲಾಳು ಮತ್ತೊಂದು ಹೆಜ್ಜೆ ಮುಂದೆ ಬಂದಾಗ ಕುದುರೆಯೂ ಸರಿಯಿತು. ಎಚ್ಚರದ ಎದುರಾಳಿಯಾಗಿದ್ದರೆ, ತಾತ ಕಳೆದ ಆ ಒಂದು ನಡೆಯೊಳಗೆ ತಾನೇ ನಡುಮನೆಯನ್ನು ಹಿಡಿದು ಅವರ ಸೇನೆಯ ಉಸಿರು ಕಟ್ಟಿಸಬಹುದಾಗಿತ್ತು. ಆದುದರಿಂದ ತಾತನ ಆಟ ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಅವರು ತಮ್ಮ ವ್ಯೂಹವನ್ನು ಅರಿತು ಆಡುತ್ತಿದ್ದರು, ಹುಡುಗ ತನ್ನದನ್ನು ಅರಿಯದೆ ಆಡುತ್ತಿದ್ದನು.

ಲಂಡನ್ ವ್ಯೂಹದ ಮೇಲೆ ನನಗೆ ದ್ವೇಷವಿಲ್ಲ. 2023ರ ಜಗಜ್ಜೇತೃ ಪಂದ್ಯದ ಆರನೆಯ ಆಟದಲ್ಲಿ ಡಿಂಗ್ ಲಿರೆನ್ ಅದನ್ನೇ ಹೂಡಿ ನೆಪೊಮ್ನಿಯಾಚಿಯನ್ನು ಸೋಲಿಸಿದುದನ್ನು ನೋಡಿದವರು, ಅದರಲ್ಲಿ ಪ್ರಾಣವಿಲ್ಲವೆಂದು ಹೇಳಲಾರರು. ಆದರೆ ಎದುರಾಳಿಯ ನಡೆಯನ್ನು ನೋಡುವ ಅಗತ್ಯವೇ ಇಲ್ಲವೆಂಬ ಆಶ್ವಾಸನೆಯೊಡನೆ ಅದನ್ನು ಮಕ್ಕಳಿಗೆ ಕಲಿಸುವ ಇಂದಿನ ಪರಿಪಾಠವು ಚದುರಂಗದ ಮೂಲಧರ್ಮಕ್ಕೇ ವಿರುದ್ಧವಾದುದು. ಮೊದಲ ಹತ್ತು ನಡೆಗಳನ್ನು ಕ್ಷೇಮವಾಗಿ ದಾಟಿಸುವುದಕ್ಕಾಗಿ, ಆ ಹತ್ತು ನಡೆಗಳಲ್ಲಿ ಕಲಿಯಬೇಕಾದುದನ್ನೆಲ್ಲ ಆ ಪದ್ಧತಿ ಕಸಿದುಕೊಳ್ಳುತ್ತದೆ. ಸ್ಪರ್ಧೆಗಳಲ್ಲಿ ಎಳೆಯರಿಗೆ ಬೇಗ ಅಂಕ ದೊರೆಯಬೇಕೆಂಬ ತಂದೆತಾಯಿಗಳ ಆತುರವೂ ಇದಕ್ಕೆ ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ.

ತಾತನ ಮೂಲೆಯ ಒಂಟೆಗೆ ಒಂದು ದೊಡ್ಡ ಇತಿಹಾಸವುಂಟು. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ ಮಣೆಯ ಮನೆಮನೆಗೂ ಒಮ್ಮೊಮ್ಮೆ ಮಾತ್ರ ಮುಟ್ಟಿಸುವ ಬಂಧಗಳನ್ನು ರಚಿಸುತ್ತ ತಮ್ಮ ಉತ್ತರವಯಸ್ಸನ್ನು ಕಳೆಯುತ್ತಿದ್ದ ಕಾಲದಲ್ಲಿಯೇ, ಕಲ್ಕತ್ತದಲ್ಲಿ ಸ್ಕಾಟ್ಲೆಂಡಿನ ನ್ಯಾಯವಾದಿ ಜಾನ್ ಕಾಕ್ರೇನ್ ಮತ್ತು ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯ ಎಂಬಿಬ್ಬರು ಮಣೆಯ ಎರಡು ಕಡೆ ಕುಳಿತು ನೂರಾರು ಆಟಗಳನ್ನಾಡಿದರು. 1848ರ ಒಂದು ಆಟದಲ್ಲಿ ಕಾಕ್ರೇನನು, ಕಾಲಾಳೊಂದು ತನ್ನ ಕುದುರೆಯನ್ನು ಅಟ್ಟಿದಾಗ ಅದನ್ನು ಹಿಂದೆಗೆಯುವ ಬದಲು ಎದುರು ರಾಜನ ಬಾಗಿಲಿನ ಕಾಲಾಳಿನ ಮೇಲೆ ಬೀಳಿಸಿ ಬಲಿಗೊಟ್ಟನು. ಒಂದು ಕುದುರೆಗೆ ಪ್ರತಿಯಾಗಿ ಅವನಿಗೆ ದೊರೆತುದು ಎರಡು ಕಾಲಾಳು ಮತ್ತು ಬಯಲಿಗೆ ಬಿದ್ದ ಒಬ್ಬ ರಾಜ. 1855ರ ಇನ್ನೊಂದು ಆಟದಲ್ಲಿ ಮಹೇಶಚಂದ್ರರು ಬಿಳಿಯ ಕಾಲಾಳುಗಳಿಗೆ ನಡುಮನೆಯನ್ನು ಬಿಟ್ಟುಕೊಟ್ಟು, ತಮ್ಮ ಒಂಟೆಗೆ ಮೂಲೆಯ ಓಣಿಯಲ್ಲಿ ದಾರಿಮಾಡಿ, ಮೂರನೆಯ ನಡೆಯಲ್ಲಿಯೇ ಮಂತ್ರಿಯ ಕಾಲಾಳಿನಿಂದ ಆ ನಡುಮನೆಯನ್ನು ಕೆಣಕಿದರು. ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡನು 1922ರಲ್ಲಿ ಪ್ರಚುರಪಡಿಸಿ ತನ್ನ ಹೆಸರನ್ನು ಅಂಟಿಸಿಕೊಂಡ ರಕ್ಷಣವ್ಯೂಹ ಇದೇ. ಕಾಕ್ರೇನನ ಬಲಿ ಅವನ ಹೆಸರಿನಲ್ಲಿಯೇ ಇಂದಿಗೂ ಪುಸ್ತಕಗಳಲ್ಲಿದೆ. ಮಹೇಶಚಂದ್ರರಿಗೆ ‘ಇಂಡಿಯನ್ ರಕ್ಷಣೆ’ ಎಂಬ ದೇಶದ ಹೆಸರಿನ ಮರೆಯಲ್ಲಿ ಒಂದು ಪಾಲು ಸಂದಿತೇ ಹೊರತು ತಮ್ಮ ಹೆಸರಿನ ಒಂದು ವ್ಯೂಹವೂ ದಕ್ಕಲಿಲ್ಲ. ಇದು ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಇವೆರಡರಲ್ಲಿ ಯಾವುದು ಮೇಲೆಂದು ಕೇಳಿದರೆ, ಕಾಕ್ರೇನನ ಸಾಹಸಕ್ಕೆ ಕೈಮುಗಿದೂ, ನಾನು ಮಹೇಶಚಂದ್ರರ ಪಕ್ಷವನ್ನೇ ಹಿಡಿಯುತ್ತೇನೆ. ಕಾಕ್ರೇನನ ಬಲಿ ಎದುರಾಳಿಯ ಗಾಬರಿಯನ್ನು ನೆಚ್ಚಿಕೊಂಡಿದೆ. ಗಾಬರಿಯಾಗದವನೆದುರು ಕುದುರೆಯ ಸಾಲ ಸಾಲವಾಗಿಯೇ ಉಳಿಯುತ್ತದೆ. ಮಹೇಶಚಂದ್ರರ ವ್ಯೂಹವಾದರೋ, ನಡುಮನೆಯಲ್ಲಿ ಕಾಲಾಳು ನಿಲ್ಲದೆಯೂ ಅದರ ಮೇಲೆ ಅಧಿಕಾರ ನಡೆಸಬಹುದೆಂಬ ತತ್ತ್ವವನ್ನು, ಯೂರೋಪಿನಲ್ಲಿ ನಿಮ್ಜೊವಿಚ್, ರೇಟಿ ಮೊದಲಾದವರು ಪ್ರತಿಪಾದಿಸುವುದಕ್ಕೆ ಬಹಳ ಮುಂಚೆ, ಆಡಿ ತೋರಿಸಿತು. ಒಂದೊಂದೇ ಮನೆ ನಡೆಯುವ ಕಾಲಾಳಿನ ನಾಡಾಟದಲ್ಲಿ ಪಳಗಿದ ಕೈಗೆ ಅದು ಸಹಜವಾಗಿ ಒದಗಿರಬೇಕು. ಇದರ ದೋಷವೂ ಘೋರವಾದುದೇ: ನೆಲವನ್ನು ಬಿಟ್ಟುಕೊಟ್ಟವನು ತಕ್ಕ ಗಳಿಗೆಯಲ್ಲಿ ತಿರುಗಿ ಹೊಡೆಯದಿದ್ದರೆ, ಅವನ ಕಾಯಿಗಳು ಒಂದನ್ನೊಂದು ತುಳಿಯುತ್ತ, ಸೋಲು ಯಾವಾಗ ಬಂದಿತೆಂದು ತಿಳಿಯದಂತೆ ಸೋಲುತ್ತವೆ. ಆ ಗಳಿಗೆ ಯಾವುದೆಂಬುದನ್ನು ಪುಸ್ತಕ ಹೇಳಿಕೊಡಲಾರದು. ಇಟಾಲಿಯನ್ ಆರಂಭದಲ್ಲಿ ಒಂದೆರಡು ವರ್ಷ ಪಳಗಿ, ಕಾಲದ ಬೆಲೆಯನ್ನು ಕಲಿತ ಮೇಲೆಯೇ ಈ ವ್ಯೂಹವನ್ನು ಕೈಗೆತ್ತಿಕೊಳ್ಳುವುದು ಲೇಸು.

ಆರಂಭಗಳ ಅಭ್ಯಾಸವೇ ವ್ಯರ್ಥವೆನ್ನುವವರು ಮೀರ್ ಸುಲ್ತಾನ್ ಖಾನನನ್ನು ಮುಂದಿಡುತ್ತಾರೆ. ಪಂಜಾಬಿನಿಂದ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ, ಮತ್ತೆ 1932 ಹಾಗೂ 1933ರಲ್ಲಿ, ಬ್ರಿಟಿಷ್ ಚಾಂಪಿಯನ್ ಆಗಿ, ಹೇಸ್ಟಿಂಗ್ಸಿನಲ್ಲಿ ಕಾಪಾಬ್ಲಾಂಕನನ್ನೂ ಮಣಿಸಿದ ಆತನಿಗೆ ವ್ಯೂಹಗಳ ಪಾಂಡಿತ್ಯ ತೀರ ಕಡಿಮೆಯಿತ್ತೆಂಬುದು ನಿಜ. ಆದರೆ ಆ ಉದಾಹರಣೆ ಪ್ರತಿಭೆಯ ಹಿರಿಮೆಯನ್ನು ತೋರುತ್ತದೆಯೇ ಹೊರತು ಅಜ್ಞಾನದ ಉಪಯೋಗವನ್ನಲ್ಲ. ಮೊದಲ ಹತ್ತು ನಡೆಗಳಲ್ಲಿ ಕಳೆದುಕೊಂಡುದನ್ನು ಮುಂದಣ ನಡೆಗಳಲ್ಲಿ ಹೆಣಗಿ ಮರಳಿ ಪಡೆಯುವ ಶ್ರಮ ಆತನಿಗೆ ಮತ್ತೆ ಮತ್ತೆ ಒದಗಿತು.

ಮೆಚ್ಚಿನ ವ್ಯೂಹಕ್ಕೆ ಅಂಟಿಕೊಳ್ಳುವುದರ ಬೆಲೆಯೇನೆಂಬುದಕ್ಕೆ ಹತ್ತಿರದ ಎರಡು ಪಂದ್ಯಗಳೇ ಸಾಕು. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ಕನು ಸ್ಪ್ಯಾನಿಷ್ ಆರಂಭಕ್ಕೆ ಬರ್ಲಿನ್ ರಕ್ಷಣೆಯ ಗೋಡೆಯನ್ನೊಡ್ಡಿದಾಗ, ಕಾಸ್ಪರೋವನು ತನ್ನ ಪ್ರಿಯವಾದ ಮೊದಲ ನಡೆಯಿಂದಲೇ ಅದೇ ಗೋಡೆಗೆ ಮರಳಿ ಮರಳಿ ಹಾಯ್ದು, ಒಂದು ಆಟವನ್ನೂ ಗೆಲ್ಲದೆ ಜಗಜ್ಜೇತೃ ಪದವಿಯನ್ನು ಕಳೆದುಕೊಂಡನು. ಎಂಟು ವರ್ಷಗಳ ಬಳಿಕ, ಬಾನ್ ನಗರದಲ್ಲಿ ಅದೇ ಕ್ರಾಮ್ನಿಕ್ಕನನ್ನು ಎದುರಿಸಿದ ಆನಂದರು, ಬಹುಕಾಲ ತಾವು ನೆಚ್ಚಿದ್ದ ರಾಜನ ಕಾಲಾಳನ್ನು ಬದಿಗಿರಿಸಿ, ಬಿಳಿಯ ಕಾಯಿಗಳಿಂದ ಮಂತ್ರಿಯ ಕಾಲಾಳನ್ನು ನಡೆಸತೊಡಗಿದರು. ಕರಿಯ ಕಾಯಿಗಳಿಂದ ಮೆರಾನ್ ಎಂಬ ಕಡಿದಾದ ವ್ಯೂಹವನ್ನು ಹೂಡಿ ಮೂರನೆಯ ಆಟವನ್ನು ಗೆದ್ದು, ಎದುರಾಳಿ ಉತ್ತರ ಹುಡುಕಿಕೊಂಡು ಬಂದಿರಬಹುದೆಂಬುದನ್ನು ಬಲ್ಲವರಾಗಿದ್ದೂ, ಐದನೆಯ ಆಟದಲ್ಲಿ ಅದನ್ನೇ ಮತ್ತೆ ಹೂಡಿ ಮತ್ತೆ ಗೆದ್ದರು.